ಬೆಚ್ಚದ ಕುದುರೆ

"ಈ ಮನೇಲಿ ಮೊದ್ಲು ಉಣ್ಣೋದು ಕುದುರೆ. ಮಿಕ್ಕಿದ್ರೆ ಮನುಷ್ಯರು."

ತಟ್ಟೆ ಮುಂದೆ ಕೂರುತ್ತಲೇ ಮುಜಾಹಿದ್ ಶುರು ಮಾಡಿದ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆ ಮನೆಯಲ್ಲಿ ಹುರುಳಿ ಬೆಂದರೆ ಬಸಿದ ಕಟ್ಟು ಮನೆಯವರ ಸಾರಿಗೆ, ಬೆಂದ ಕಾಳು ಹಿತ್ತಲಲ್ಲಿ ಕಟ್ಟಿದ್ದ ಚಮೇಲಿ ಎಂಬ ಹೆಣ್ಣುಗುದುರೆಗೆ. ತಾಯಿ ಪ್ಯಾರಿ ಬೀ ಮಗನ ತಟ್ಟೆಗೆ ಮುದ್ದೆ ಇಟ್ಟು ಸಾರು ಬಿಟ್ಟಳು.

"ಅದು ದುಡಿಯುತ್ತೆ, ತಿನ್ನುತ್ತೆ. ನಿನಗ್ಯಾಕಪ್ಪ ಹೊಟ್ಟೆಕಿಚ್ಚು?" ಎಂದ ತಂದೆ ಕರೀಂ ಸಾಬ್.

"ಇವತ್ತು ಬಸ್‌ಸ್ಟ್ಯಾಂಡಲ್ಲಿ ನಿಮ್ಮ ಜಟಕಾ ಎಷ್ಟು ಜನ ಹತ್ತಿದ್ರು ಅಬ್ಬಾ?"

"ಒಬ್ಬಳು ಮುದುಕಿ ಹತ್ತಿದ್ಲು."

"ದುಡ್ಡು ಕೊಟ್ಲಾ?"

"ಪರಿಚಯದೋಳು."

ಮಗಳು ಫರೀಹಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮುಜಾಹಿದ್ ನಗಲಿಲ್ಲ. ಚಿತ್ರದುರ್ಗದ ಬೀದಿಗಳಲ್ಲಿ ಆಟೋಗಳು ತುಂಬಿ ಹತ್ತು ವರ್ಷದ ಮೇಲಾಗಿತ್ತು. ಹೊಸ ಶತಮಾನ ಬಂದಾಗ ಊರಲ್ಲಿ ಉಳಿದಿದ್ದ ಬೆರಳೆಣಿಕೆಯ ಜಟಕಾಗಳಲ್ಲಿ ಕರೀಂ ಸಾಬನದೂ ಒಂದು. ಮಗ ಓಡಿಸುತ್ತಿದ್ದದ್ದು ಬಾಡಿಗೆ ಆಟೋ. ಅದರ ಮಾಲೀಕ ಗಾಡಿ ಮಾರಲು ಹೊರಟಿದ್ದ. ಬೇರೆ ಯಾರಾದರೂ ಕೊಂಡರೆ ಮುಜಾಹಿದ್ ಮನೆಯಲ್ಲಿ ಕೂರಬೇಕು. ಇವನೇ ಕೊಳ್ಳಬೇಕೆಂದರೆ ಆ ಮನೆಯಲ್ಲಿ ಮಾರುವುದಕ್ಕಿದ್ದದ್ದು ಕುದುರೆಯೊಂದೇ.

"ಯಾರಿಗೆ ಮಾರ್ತೀಯ ಅದನ್ನ?" ಎಂದಳು ಫರೀಹಾ. "ಕಿವಿ ಕೇಳದ ಕುದುರೇನ ಯಾರು ತಗಂತಾರೆ?"

"ಲೇ, ಮೆಲ್ಲಗೆ ಮಾತಾಡು," ಎಂದ ಮುಜಾಹಿದ್.

ಅದು ಮನೆಯೊಳಗಿನ ಗುಟ್ಟು. ಹಿಂದಿನ ಮಳೆಗಾಲದಲ್ಲಿ ಚಮೇಲಿಗೆ ಜ್ವರ ಬಂದು ಎರಡೂ ಕಿವಿ ಸೋರಿದವು. ಜ್ವರ ಹೋಯಿತು, ಕೀವು ನಿಂತಿತು, ಕಿವಿ ಮಾತ್ರ ಮತ್ತೆ ಕೇಳಲಿಲ್ಲ. ಕರೀಂ ಸಾಬ್ ನಾಲಗೆ ಲೊಟಕಿಸಿದರೆ ಹೊರಳಿ ನೋಡುತ್ತಿದ್ದ ಪ್ರಾಣಿ ಲಗಾಮು ಅಲುಗಿಸಿದರಷ್ಟೇ ನಡೆಯುವಂತಾಯಿತು. ಅಂದಿನಿಂದ ಮನೆಯವರೆಲ್ಲ ಒಂದು ರೂಢಿ ಮಾಡಿಕೊಂಡಿದ್ದರು. ಚಮೇಲಿಯ ಹತ್ತಿರ ಹೋಗಬೇಕಾದರೆ ಮೊದಲು ಅದರ ಕಣ್ಣಿಗೆ ಬೀಳಬೇಕು. ಹಣೆ ಮುಟ್ಟಿ, ಕುತ್ತಿಗೆ ಮೇಲೆ ಕೈಯಿಟ್ಟು, ಆ ಕೈ ತೆಗೆಯದೆ ಬೆನ್ನು ಸವರುತ್ತ ಹಿಂದಕ್ಕೆ ಸರಿಯಬೇಕು. ಪ್ಯಾರಿ ಬೀ ಲದ್ದಿ ಬಾಚುವಾಗಲೂ ಒಂದು ಕೈ ಅದರ ಮೈಮೇಲೆ ಇರುತ್ತಿತ್ತು. ಊರಿನವರಿಗೆ ಇದು ಗೊತ್ತಿರಲಿಲ್ಲ. ಲಾರಿಯ ಹಾರನ್ನಿಗೂ ಕದಲದ ಆ ಕುದುರೆಯನ್ನು ನೋಡಿ, ಕರೀಂ ಸಾಬನ ಕುದುರೆ ಭಾಳ ಸಾಧು ಎನ್ನುತ್ತಿದ್ದರು.

ಆ ವಾರವೇ ಪ್ರಸನ್ನಕುಮಾರ್ ಅವರ ಬಾಗಿಲಿಗೆ ಜೀಪಿನಲ್ಲಿ ಬಂದ. ಹೊಳಲ್ಕೆರೆ ಕಡೆ ಜಲ್ಲಿ ಕ್ರಷರ್ ಇಟ್ಟವನು. ಗುಡ್ಡವೊಂದನ್ನು ಅರ್ಧ ಪುಡಿ ಮಾಡಿ, ಉಳಿದರ್ಧದ ನೆರಳಿನಲ್ಲಿ ತೋಟದ ಮನೆ ಕಟ್ಟಿಸಿಕೊಂಡಿದ್ದ.

"ಸಾಬ್ರೆ, ಕುದುರೆ ವಿಷ್ಯದಲ್ಲಿ ನಿಮ್ಮ ಕಣ್ಣು ದೊಡ್ಡದು ಅಂತಾರೆ. ನನಗೊಂದು ಆರಿಸಿ ಕೊಡ್ರಿ."

"ಕುಂತ್ಕಳ್ರಿ ಸಾವ್ಕಾರ್ರೆ. ಯಾವ ಕೆಲ್ಸಕ್ಕೆ?"

"ಕೆಲ್ಸಕ್ಕಲ್ಲ, ಸುಮ್ನೆ ಸವಾರಿಗೆ. ಮಗಳು ಬೃಂದಾ ಹತ್ತನೇ ಕ್ಲಾಸ್ ಪಾಸಾದ್ಲು. ಊಟೀಲಿ ಕುದುರೆ ಹತ್ತಿದಾಗಿಂದ ಒಂದೇ ಹಟ."

ಕೆಲಸವಿಲ್ಲದ ಕುದುರೆ! ಕರೀಂ ಸಾಬನ ಅಪ್ಪನಾಗಲಿ ತಾತನಾಗಲಿ ಅಂಥದ್ದನ್ನು ಕೇಳಿದವರಲ್ಲ.

"ಕೂತೋರ ಸೊಂಟ ಕುಲುಕಬಾರ್ದು. ನನಗೂ ಬೆನ್ನುನೋವು, ಒಂದೊಂದಿನ ನಾನೂ ಹತ್ತೋನೆ. ಮತ್ತೆ ಅಲ್ಲಿ ದಿನಾ ಬಂಡೆ ಸಿಡಿಸ್ತೀವಿ, ಟಿಪ್ಪರ್ ಓಡಾಡ್ತವೆ. ಹೆದರಿ ಹುಡುಗೀನ ಕೆಡವಿದ್ರೆ?"

"ಹಂಗಾದ್ರೆ ನಿಮಗೆ ರಹವಾಲ್ ಚಾಲಿನ ಕುದುರೆ ಬೇಕು," ಎಂದ ಕರೀಂ ಸಾಬ್. "ಅದು ನಡಿಗೇನೂ ಅಲ್ಲ, ಓಟಾನೂ ಅಲ್ಲ. ನಾಕೂ ಕಾಲು ಒಂದೊಂದಾಗಿ ಬೀಳ್ತವೆ. ತೆಪ್ಪದಾಗೆ ಕೂತಂಗಿರುತ್ತೆ. ಕಲಿಸಿದ್ರೆ ಬರಲ್ಲ, ಹುಟ್ಟಿನಿಂದ ಬರ್ಬೇಕು. ಹುಡುಕಾಣ ಬಿಡ್ರಿ."

ಹುಡುಕಿದ್ದೂ ಪ್ರಾಮಾಣಿಕವಾಗಿಯೇ. ಹಿರಿಯೂರಿನಲ್ಲಿ ಮದುವೆ ಮೆರವಣಿಗೆಯ ಕುದುರೆಯೊಂದಿತ್ತು. ಮೈ ಥಳಥಳ ಹೊಳೆಯುತ್ತಿತ್ತು. ಜೀಪು ಸ್ಟಾರ್ಟ್ ಆದ ಸದ್ದಿಗೇ ಮುಂಗಾಲೆತ್ತಿ ಕುಣಿಯತೊಡಗಿತು. "ಇದಕ್ಕೆ ಬ್ಯಾಂಡ್ ಸೆಟ್ ಬೇಕು, ಮದುಮಗ ಬೇಕು. ನಿಮ್ಮ ಮಗಳಿಗೆ ಬ್ಯಾಡ," ಎಂದು ಕರೀಂ ಸಾಬ್ ತಿರುಗಿ ಬಂದ. ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಲ್ಲಿ ಇನ್ನೊಂದಿತ್ತು, ಸಾಧುವೇ. ಹತ್ತಿ ಕೂತ ಪ್ರಸನ್ನಕುಮಾರ್ ಬೇಲಿ ಮುಟ್ಟುವಷ್ಟರಲ್ಲಿ ಸೊಂಟ ಹಿಡಿದುಕೊಂಡು ಇಳಿದ. "ಇದು ಕುದುರೆಯಲ್ಲ ಸಾಬ್ರೆ, ನಮ್ಮ ಕ್ರಷರ್ರೇ!" ಎಂದ. ಅದನ್ನೂ ಕರೀಂ ಸಾಬ್ ಬೇಡವೆಂದ. ಮಾರುವವರು ಕೈಗಿಡಲು ಬಂದ ದಲ್ಲಾಳಿ ಕಾಸನ್ನು ಮುಟ್ಟಲಿಲ್ಲ.

ಮನೆಗೆ ಬಂದರೆ ಮಗ ಕಾದಿದ್ದ.

"ಊರೂರು ಯಾಕೆ ಸುತ್ತುತೀರಿ ಅಬ್ಬಾ? ರಹವಾಲ್ ಚಾಲು ನಮ್ಮ ಹಿತ್ತಲಲ್ಲೇ ಐತೆ. ಹೆದರಲ್ಲ ಅಂದ್ರೆ ಚಮೇಲಿಗಿಂತ ಹೆದರದ ಕುದುರೆ ಜಿಲ್ಲೇಲಿ ಐತಾ?"

"ಕಿವಿ?"

"ಸವಾರಿಗೆ ಕಿವಿ ಯಾಕೆ? ಲಗಾಮು ಸಾಕು."

"ಹಂಗಾದ್ರೆ ಹೇಳೇ ಮಾರ್ರಿ," ಎಂದಳು ಫರೀಹಾ. "ಸಾವ್ಕಾರ್ರೆ, ಕಿವುಡು ಕುದುರೆ, ಬೇಕಾದ್ರೆ ತಗಳ್ರಿ ಅಂತ."

"ನೀನು ಕಾಲೇಜಿಗೆ ಹೋಗೋಳು, ಬಾಯಿಗೆ ನ್ಯಾಯ ಬರುತ್ತೆ. ಬಸ್ ಚಾರ್ಜ್ ಎಲ್ಲಿಂದ ಬರುತ್ತೆ ಗೊತ್ತೈತಾ?" ಮುಜಾಹಿದ್ ದನಿ ಏರಿತು. "ಪಕ್ಕದ ಮನೆ ಜಂಪಣ್ಣನ ಎರಡು ಬೆರಳು ಅದೇ ಕ್ರಷರ್‌ನಾಗೆ ಹೋದ್ವು. ಆ ಬೆಲ್ಟಿಗೆ ಮರೆ ಇಲ್ಲ ಅಂತ ಯಾರಾದ್ರೂ ಅವನಿಗೆ ಹೇಳಿದ್ರಾ? ಅಂತೋನಿಗೆ ನಾವು ಸತ್ಯ ಹೇಳ್ಬೇಕಾ?"

ಪ್ಯಾರಿ ಬೀ ಒಲೆಯ ಮುಂದಿನಿಂದ ಗಂಡನ ಮುಖ ನೋಡಿದಳು. ಕರೀಂ ಸಾಬ್ ಕೈ ತೊಳೆಯಲು ಎದ್ದು ಹೋದ.

ಪರೀಕ್ಷೆ ನಡೆದದ್ದು ಕ್ರಷರಿನ ಅಂಗಳದಲ್ಲಿ. ಮೊದಲು ಚಾಲು. ಕರೀಂ ಸಾಬ್ ತುಂಬಿದ ನೀರಿನ ಲೋಟ ಕೈಯಲ್ಲಿ ಹಿಡಿದು ಚಮೇಲಿಯ ಮೇಲೆ ಅಂಗಳ ಸುತ್ತಿದ. ಹನಿ ಚೆಲ್ಲಲಿಲ್ಲ. ಬೃಂದಾ ಚಪ್ಪಾಳೆ ತಟ್ಟಿದಳು. ಆಮೇಲೆ ಮಧ್ಯಾಹ್ನದ ಸೈರನ್ ಆಯಿತು. ಕೂಲಿಗಳು ಬಂಡೆಯ ಮರೆಗೆ ಓಡಿದರು. ಗುಡ್ಡದಲ್ಲಿ ಇಟ್ಟಿದ್ದ ಮದ್ದು ಸಿಡಿದು ನೆಲ ಅದುರಿತು. ಶೆಡ್ಡಿನ ತಗಡುಗಳು ಗಡಗಡ ಎಂದವು. ನಾಯಿಗಳು ಬಾಲ ಮುದುರಿಕೊಂಡು ಓಡಿದವು. ನೆಲದ ಅದುರಿಗೆ ಚಮೇಲಿ ಒಂದು ಕಾಲು ಎತ್ತಿಟ್ಟಿತು, ಅಷ್ಟೇ. ಮತ್ತೆ ಹುಲ್ಲು ಮೇಯತೊಡಗಿತು.

"ಅಬ್ಬಬ್ಬಾ! ದಿನಾ ಕೇಳೋ ನಾವೇ ಬೆಚ್ತೀವಿ, ಇದು ನೋಡ್ರಲೇ!" ಎಂದ ಮೈಯೆಲ್ಲ ಕಲ್ಲಿನ ಬಿಳಿ ಧೂಳು ಹೊತ್ತಿದ್ದ ಕೂಲಿಯೊಬ್ಬ. ಅವನ ಹೆಸರು ಗೊಲ್ಲಪ್ಪ.

"ಇದು ಕುದುರೆಯಲ್ಲ ಸಾಬ್ರೆ, ಋಷಿ!" ಪ್ರಸನ್ನಕುಮಾರ್ ಕರೀಂ ಸಾಬನ ಬೆನ್ನು ತಟ್ಟಿದ. "ಇಂತಾದ್ದು ಮನೇಲಿಟ್ಕಂಡು ನನ್ನ ಹಿರಿಯೂರಿಗೆ ಕರ್ಕಂಡು ಹೋಗಿದ್ರಲ್ಲ!"

ಹೇಳಬೇಕಾದ ಮಾತಿಗೆ ಅದೇ ಸಮಯವಾಗಿತ್ತು. ಹೊಗೆ ಇಳಿದು ಕೂಲಿಗಳು ಬುಟ್ಟಿ ಹಿಡಿಯುವ ತನಕವೂ ಸಮಯವಿತ್ತು. ಕರೀಂ ಸಾಬ್ ಚಮೇಲಿಯ ಕುತ್ತಿಗೆ ಮೇಲೆ ಕೈಯಿಟ್ಟು ನಿಂತೇ ಇದ್ದ. ಮುಜಾಹಿದ್ ಬೆಲೆ ಮಾತಾಡಿ ವ್ಯಾಪಾರ ಮುಗಿಸಿದ.

ಕುದುರೆಯನ್ನು ಕರೆದೊಯ್ಯಲು ಬಂದವನು ಅದೇ ಗೊಲ್ಲಪ್ಪ. ಧೂಳು ಕುಡಿದು ಕೆಮ್ಮು ಹತ್ತಿದ್ದರಿಂದ ಸಾಹುಕಾರನ ಕಾಲು ಹಿಡಿದು ಲಾಯದ ಕೆಲಸ ಕೇಳಿಕೊಂಡಿದ್ದ. ಹಗ್ಗದ ತುದಿಯನ್ನಷ್ಟೇ ಹಿಡಿದು ಕುದುರೆಯಿಂದ ದೂರ ನಿಂತ.

"ಅಮ್ಮಾ, ನಾನು ದನ ಕಾದೋನು. ಕುದುರೆ ಗೊತ್ತಿಲ್ಲ. ಹೆಂಗೆ ನೋಡ್ಕಬೇಕು ಹೇಳ್ರಿ."

ಪ್ಯಾರಿ ಬೀ ಹುರುಳಿಯ ಚೀಲ ಅವನ ಹೆಗಲಿಗೆ ಏರಿಸಿದಳು. "ಯಾವಾಗ್ಲೂ ಮುಂದ್ಲಿಂದ ಬರಪ್ಪ. ಮುಖ ತೋರ್ಸಿ, ಕೈಯಿಂದ ಮುಟ್ಟಿ, ಆಮೇಲೆ ಹಿಂದಕ್ಕೆ ಹೋಗು."

"ಯಾಕಮ್ಮ, ಒದಿಯುತ್ತಾ?"

ಅವಳ ಬಾಯಿ ತೆರೆಯಿತು. ಮುಜಾಹಿದ್ ನಡುವೆ ಬಂದ. "ಏನಿಲ್ಲ ಗೊಲ್ಲಪ್ಪ, ಹೆಂಗಸರ ಮಾತು. ಕುದುರೆಗಳೆಲ್ಲ ಹಂಗೇ."

ಗೊಲ್ಲಪ್ಪ ನಂಬಿ ತಲೆಯಾಡಿಸಿದ. ಚಮೇಲಿ ಬೀದಿಯ ತಿರುವು ದಾಟಿತು.

ಕುದುರೆಯ ದುಡ್ಡಿನಲ್ಲಿ ಆಟೋ ಬಂತು. ಮುಜಾಹಿದ್ ಅದಕ್ಕೆ ಹೊಸ ಸೀಟು ಹೊಲಿಸಿದ, ಹಿಂದೆ ತಂಗಿಯ ಹೆಸರು ಬರೆಸಿದ. ಮನೆಯಲ್ಲಿ ಸಾರಿಗೆ ಬೇಳೆ ಗಟ್ಟಿಯಾಯಿತು. ವಾರಕ್ಕೊಮ್ಮೆ ಮಾಂಸ ಬಂತು. ಪ್ಯಾರಿ ಬೀ ಹುರುಳಿ ಬೇಯಿಸುವ ಮಡಕೆಯನ್ನು ಬೋರಲು ಹಾಕಿದ್ದಳು.

"ಅಬ್ಬಾ, ಒಂದ್ಸಲ ಆಟೋದಾಗೆ ಕೂರ್ರಿ. ಕೋಟೆ ತನಕ ಹೋಗಿ ಬರಾಣ."

"ನನ್ನ ಕಾಲು ಗಟ್ಟಿ ಅವೆ. ನಡೀತೀನಿ."

ತಿಂಗಳು ತುಂಬುವ ಮುಂಚೆ ಕರೀಂ ಸಾಬ್ ಲಾಳ ನೋಡುವ ನೆಪ ಮಾಡಿಕೊಂಡು ಹೊಳಲ್ಕೆರೆ ಬಸ್ಸು ಹತ್ತಿದ. ಗೊಲ್ಲಪ್ಪನಿಗೆ ಒಬ್ಬನಿಗೇ ಹೇಳಿ ಬರುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಹೋದರೆ ತೋಟದ ಮನೆಯಲ್ಲಿ ನೆಂಟರು ತುಂಬಿದ್ದರು. ಬೃಂದಾ ಚಮೇಲಿಯ ಮೇಲೆ ಕೂತು ನಗುತ್ತ ಬರುತ್ತಿದ್ದಳು. ಗೊಲ್ಲಪ್ಪ ಲಗಾಮು ಹಿಡಿದು ಪಕ್ಕದಲ್ಲಿದ್ದ.

"ಬರ್ರಿ ಸಾಬ್ರೆ, ಬರ್ರಿ! ನೋಡ್ರಪ್ಪ, ಕುದುರೆ ಆರಿಸಿದ ಯಜಮಾನ್ರು ಇವ್ರೇ." ಪ್ರಸನ್ನಕುಮಾರ್ ಎಲ್ಲರೆದುರು ಕುರ್ಚಿ ಹಾಕಿಸಿದ. "ಈ ಗೊಲ್ಲನಿಗೆ ಇನ್ನೂ ಪುಕ್ಕಲು. ಹಿಂದೆ ಹೋಗಿ ಲದ್ದಿ ತೆಗಿ ಅಂದ್ರೆ ನಡುಗ್ತಾನೆ. ನೀವೇ ಒಂದು ಪಾಠ ಹೇಳ್ರಿ."

ಎಲ್ಲರೂ ಅವನ ಬಾಯಿ ನೋಡಿದರು. ಮೊದಲು ಮುಟ್ಟು ಎಂದರೆ ಯಾಕೆ ಎಂದು ಕೇಳುತ್ತಾರೆ. ಕರೀಂ ಸಾಬ್ ಐವತ್ತು ವರ್ಷ ಹೊಸಬರಿಗೆಲ್ಲ ಹೇಳಿಕೊಂಡು ಬಂದ ಮಾತನ್ನೇ ಹೇಳಿದ. ಪ್ರತಿ ಜಟಕಾದವನೂ ಮಗನಿಗೆ ಹೇಳುವ ಮೊದಲ ಮಾತದು.

"ಹಿಂದಗಡೆಯಿಂದ ಹೋಗೋವಾಗ ಮಾತಾಡಿಸ್ಕಂತ ಹೋಗು ಗೊಲ್ಲಪ್ಪ. ಹೆಸರು ಹಿಡಿದು ಕೂಗು. ನಿನ್ನ ದನಿ ಗೊತ್ತಾದ್ರೆ ಕುದುರೆ ಏನೂ ಮಾಡಲ್ಲ."

"ಅಮ್ಮ ಮುಂದ್ಲಿಂದ ಬಾ ಅಂದಿದ್ರು."

"ಅಮ್ಮನಿಗಿಂತ ಸಾಬ್ರಿಗೆ ಹೆಚ್ಚು ಗೊತ್ತಲ್ವೇನೋ!" ಎಂದ ಪ್ರಸನ್ನಕುಮಾರ್. ನೆಂಟರು ನಕ್ಕರು. ಗೊಲ್ಲಪ್ಪನೂ ನಕ್ಕ. ಅವನ ಮುಖದಲ್ಲಿ ಭಾರ ಇಳಿಸಿದಷ್ಟು ಸಮಾಧಾನವಿತ್ತು.

ಮನೆಗೆ ಬಂದ ಗಂಡನ ಕೈಗೆ ಪ್ಯಾರಿ ಬೀ ನೀರು ಕೊಟ್ಟಳು. "ಹೇಳಿದ್ರಾ?"

"ಜನ ಇದ್ರು."

"ಹೇಳಿದ್ರೋ ಇಲ್ವೋ?"

"ಚಾ ಕೊಟ್ರು. ಕುರ್ಚಿ ಹಾಕಿದ್ರು." ಕರೀಂ ಸಾಬ್ ನೀರು ಕುಡಿಯದೆ ಚೊಂಬು ಕೆಳಗಿಟ್ಟ.

ಸುದ್ದಿ ತಂದವನು ಜಂಪಣ್ಣ. ಬೆರಳು ಹೋದ ಮೇಲೆ ಕ್ರಷರಿನ ಗೇಟು ಕಾಯುತ್ತಿದ್ದ. ಬಾಗಿಲಲ್ಲಿ ಚಪ್ಪಲಿ ಬಿಡದೆ ನಿಂತೇ ಹೇಳಿದ.

"ಸಾಬ್ರೆ, ನಿಮ್ಮ ಕುದುರೆ ಗೊಲ್ಲಪ್ಪನಿಗೆ ಒದ್ದೈತೆ. ಮಂಡಿ ಚೂರಾಗೈತಂತೆ. ದೊಡ್ಡಾಸ್ಪತ್ರೆಗೆ ಹಾಕವ್ರೆ."

"ಸಾವ್ಕಾರ ಏನಂತಾನೆ?" ಎಂದಳು ಫರೀಹಾ.

"ಕುಡಿದಿದ್ದ ಅಂತಾನೆ. ಬಂಡೆ ಸಿಡಿದ್ರೂ ಬೆಚ್ಚದ ಕುದುರೆ, ಎಚ್ಚರದಾಗಿರೋ ಮನುಷ್ಯನಿಗೆ ಯಾಕೆ ಒದಿಯುತ್ತೆ, ನೀವೇ ಎಲ್ಲ ಕಣ್ಣಾರೆ ಕಂಡೀರಲ್ಲ ಅಂತಾನೆ. ಕೂಲಿಗಳೂ ಹೌದು ಹೌದು ಅಂದ್ರು. ಕುಡಿದು ಬಿದ್ದೋನಿಗೆ ನಾನ್ಯಾಕೆ ಪರಿಹಾರ ಕೊಡ್ಲಿ ಅಂತ ಕೆಲ್ಸದಿಂದಾನೂ ತೆಗೆದ."

ಹೀಗೆ ಕರೀಂ ಸಾಬ್ ಆರಿಸಿಕೊಟ್ಟ ಕುದುರೆಯ ಸಾಧುತನವೇ ಗೊಲ್ಲಪ್ಪನ ವಿರುದ್ಧ ಸಾಕ್ಷಿಯಾಯಿತು. ಉಳ್ಳವನಿಗೆ ಮೋಸ ಮಾಡಿದೆವೆಂದು ಆ ಮನೆ ತಿಳಿದಿತ್ತು. ಉಳ್ಳವನ ಕೈಗೆ ಕೋಲು ಕೊಟ್ಟಿತ್ತು.

ಕರೀಂ ಸಾಬ್ ಆಸ್ಪತ್ರೆಗೆ ಹೋದ. ಗೊಲ್ಲಪ್ಪನ ಕಾಲಿಗೆ ತೊಡೆಯಿಂದ ಪಾದದವರೆಗೆ ಸಿಮೆಂಟಿನ ಪಟ್ಟು ಹಾಕಿದ್ದರು. ಅವನು ಎದ್ದು ಕೂರಲು ನೋಡಿದ.

"ಯಾಕೆ ಬರಕ್ಕೆ ಹೋದ್ರಿ ಸಾಬ್ರೆ? ನೀವು ಹೇಳ್ದಂಗೆ ಕೂಗ್ಕಂತನೇ ಹೋದೆ. ಚಮೇಲಿ, ಚಮೇಲಿ, ನಾನು ಕಣೆ ಅಂತ ಗಂಟ್ಲು ಹರಿಯಂಗೆ ಕೂಗ್ದೆ. ಎಲ್ಲಿ ತಪ್ಪಿದ್ನೋ ತಿಳೀಲಿಲ್ಲ. ಅದಕ್ಕೆ ಹೊಡೀತಾರೇನೋ, ಹೊಡೀಬ್ಯಾಡ ಅನ್ರಿ. ಬಾಯಿಲ್ಲದ ಪ್ರಾಣಿ."

ಕರೀಂ ಸಾಬ್ ತಂದಿದ್ದ ಬಾಳೆಹಣ್ಣನ್ನು ಮಂಚದ ಮೇಲಿಟ್ಟು ಬಂದುಬಿಟ್ಟ. ಆ ದಿನ ಅನ್ನ ಮುಟ್ಟಲಿಲ್ಲ.

ಮರುದಿನದಿಂದ ಪ್ಯಾರಿ ಬೀ ಎರಡು ಹೊತ್ತೂ ಟಿಫನ್ ಕ್ಯಾರಿಯರ್ ತುಂಬಿಕೊಂಡು ಆಸ್ಪತ್ರೆಗೆ ನಡೆದಳು. ಗೊಲ್ಲಪ್ಪನ ಹೆಂಡತಿ ಹನುಮಮ್ಮ ಮೊದಲ ದಿನ ಬೇಡ ಎಂದಳು, ಎರಡನೆಯ ದಿನ ತಗೊಂಡಳು, ಆಮೇಲೆ ದಾರಿ ಕಾಯತೊಡಗಿದಳು.

"ಬೂಬಮ್ಮ, ನೀವು ಯಾವ ಜನ್ಮದಾಗೆ ನನ್ನ ಹೆತ್ತೋರೋ," ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಪ್ಯಾರಿ ಬೀಗೆ ಕಣ್ಣೆತ್ತಲು ಆಗುತ್ತಿರಲಿಲ್ಲ. ಕ್ಯಾರಿಯರ್ ತೊಳೆಯಲು ನಲ್ಲಿಯ ಕಡೆ ಹೋಗುತ್ತಿದ್ದಳು.

ಮನೆಯಲ್ಲಿ ಜಗಳ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿತ್ತು.

"ಅಬ್ಬಾ, ಹೋಗಿ ಹೇಳಿಬಿಡ್ರಿ. ಅವ್ನು ಕುಡುಕ ಅಲ್ಲ ಅಂತ ಗೊತ್ತಿರೋದು ನಮಗೊಬ್ಬರಿಗೇ," ಎಂದಳು ಫರೀಹಾ.

"ಹೇಳಿದ್ರೆ ಆಟೋ ಕಿತ್ಕಂತಾನೆ. ಆಮೇಲೆ ನೀನು ಮನೇಲಿ ಕೂತು ಬೀಡಿ ಕಟ್ಟು," ಎಂದ ಮುಜಾಹಿದ್.

"ಕಟ್ತೀನಿ."

"ಮೋಸ ಮಾಡಿದ್ದು ಆ ಕಳ್ಳ ಸಾವ್ಕಾರನಿಗೆ ಕಣೆ! ಇನ್ನೊಂದ್ಸಲ ಸಿಕ್ಕಿದ್ರೂ ಮಾಡ್ತೀನಿ."

"ಮುರಿದಿದ್ದು ಸಾವ್ಕಾರನ ಕಾಲಾ ಭಯ್ಯಾ?"

ಮುಜಾಹಿದ್ ತಟ್ಟೆ ತಳ್ಳಿ ಎದ್ದ. ಹೊರಗೆ ಹೋಗಿ ಆಟೋದ ಸೀಟಿನಲ್ಲಿ ಕೂತ, ಸ್ಟಾರ್ಟ್ ಮಾಡಲಿಲ್ಲ. ಕರೀಂ ಸಾಬ್ ಬರೀ ಹಿತ್ತಲನ್ನು ನೋಡುತ್ತಿದ್ದ. ನಾಳೆ ನೋಡಾಣ ಎಂದ. ಆ ನಾಳೆಗಳು ಎರಡು ವಾರವಾದವು.

ಗೊಲ್ಲಪ್ಪನ ಮಂಡಿ ಇನ್ನು ಮಡಿಚುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ ಹನುಮಮ್ಮ ವಾರ್ಡಿನ ಹೊರಗಿನ ಮೆಟ್ಟಿಲಲ್ಲಿ ಕೂತಿದ್ದಳು. ಪ್ಯಾರಿ ಬೀ ಪಕ್ಕದಲ್ಲಿ ಕೂತು ಅನ್ನ ಕಲಸಿ ಕೊಟ್ಟಳು.

"ಒಂದು ಮಾತು ಬೂಬಮ್ಮ. ಯಾರಿಗೂ ಹೇಳಿಲ್ಲ," ಎಂದಳು ಹನುಮಮ್ಮ. "ಅವ್ನು ಕುಡಿಯೋದು ಬಿಟ್ಟು ವರ್ಷಗಳಾದ್ವು. ನನ್ನ ತಲೆ ಮುಟ್ಟಿ ಆಣೆ ಮಾಡಿದ್ದ. ಆದ್ರೆ ಊರೆಲ್ಲ ಕುಡಿದಿದ್ದ ಅಂದಾಗ, ಅವನನ್ನ ಇಲ್ಲಿಗೆ ಹೊತ್ಕಂಡು ಬಂದಾಗ, ನಾನು ಬಗ್ಗಿ ಅವನ ಬಾಯಿ ಮೂಸಿದೆ. ನೋವಿನಾಗೆ ಒದ್ದಾಡ್ತಾ ಇದ್ದ. ನಾನು ಬಾಯಿ ಮೂಸಿದೆ. ಅವ್ನು ನೋಡ್ದ. ಅವತ್ತಿಂದ ನನ್ನ ಕೂಡ ಮಾತು ಬಿಟ್ಟವ್ನೆ."

ಪ್ಯಾರಿ ಬೀಯ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

"ಹನುಮವ್ವ. ಕುದುರೆಗೆ ಕಿವಿ ಕೇಳಲ್ಲ."

"ಏನು?"

"ಕಿವುಡು. ಎರಡೂ ಕಿವಿ. ನಮಗೆಲ್ಲ ಗೊತ್ತಿತ್ತು. ನಿನ್ನ ಗಂಡ ಎಷ್ಟು ಕೂಗಿದ್ರೂ ಅದಕ್ಕೆ ಕೇಳ್ತಿರ್ಲಿಲ್ಲ. ಹಿಂದ್ಲಿಂದ ಯಾರೋ ಬಂದ್ರು ಅಂತ ಬೆದರಿ ಒದ್ದೈತೆ. ಆಟೋ ತಗಣಕ್ಕೆ ಹೇಳ್ದೆ ಮಾರಿದ್ವಿ."

ಹನುಮಮ್ಮ ಬಯ್ಯಲಿಲ್ಲ, ಅಳಲಿಲ್ಲ. ತಟ್ಟೆಯನ್ನು ಪ್ಯಾರಿ ಬೀಯ ಕಡೆಗೆ ಸರಿಸಿದಳು.

"ಅದಕ್ಕೇ ಊಟ ತರ್ತಿದ್ರಾ?"

"ಅವ್ವಾ, ಮಾಫಿ..."

"ಮಾಫಿ ಗೀಫಿ ಆಮೇಲೆ. ಮೊದ್ಲು ಒಳಗೆ ಬರ್ರಿ. ಅವನ ಮುಂದೆ ಹೇಳ್ರಿ. ನಾನು ಮೂಸಿದ್ದು ತಪ್ಪು ಅಂತ ಅವನಿಗೆ ಕೇಳಿಸ್ಬೇಕು."

ಗೊಲ್ಲಪ್ಪ ಕೇಳಿಸಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದ. ಹೆಂಡತಿಯ ಕೈ ಹಿಡಿದ.

ಆ ಸಂಜೆ ಮನೆಗೆ ಬಂದವಳು ಗಂಡನೆದುರು ನಿಂತಳು. "ನಾನು ಹೇಳಿ ಬಂದೆ. ಇನ್ನು ನೀವು ಚಾ ಕುಡೀರಿ, ಕುರ್ಚಿ ಮೇಲೆ ಕೂರ್ರಿ, ಏನಾದ್ರೂ ಮಾಡ್ಕಳ್ರಿ."

ಮಾರನೆಯ ದಿನ ಕರೀಂ ಸಾಬ್ ಮಗನ ಆಟೋದಲ್ಲಿ ಮೊದಲ ಸಲ ಕೂತ. ಹನುಮಮ್ಮನೂ ಜಂಪಣ್ಣನೂ ಜೊತೆಗಿದ್ದರು. ತೋಟದಲ್ಲಿ ಪ್ರಸನ್ನಕುಮಾರ್ ಮತ್ತು ಬೃಂದಾ ನೋಡುತ್ತಿರುವಂತೆ ಕರೀಂ ಸಾಬ್ ಖಾಲಿ ಡಬ್ಬವೊಂದನ್ನು ಎತ್ತಿಕೊಂಡು, ಚಮೇಲಿಯ ಬೆನ್ನ ಹಿಂದೆ ದೂರ ನಿಂತು ಕಲ್ಲಿನಿಂದ ಬಡಿದ. ಮರದ ಗೊರವಂಕಗಳು ಹಾರಿಹೋದವು. ಕುದುರೆ ಹುಲ್ಲು ಜಗಿಯುತ್ತಲೇ ಇತ್ತು.

"ಸಾಧು ಅಲ್ಲ ಸಾವ್ಕಾರ್ರೆ. ಕಿವುಡು. ಗೊತ್ತಿದ್ದೇ ಕೊಟ್ಟೆ. ಗೊಲ್ಲಪ್ಪ ಕುಡಿದಿರ್ಲಿಲ್ಲ."

ಬೃಂದಾಳ ಮುಖ ಚಿಕ್ಕದಾಯಿತು. "ನಾನು ಕರೆದ್ರೆ ತಿರುಗೇ ನೋಡ್ತಿರ್ಲಿಲ್ಲ. ನಾನಂದ್ರೆ ಸೇರಲ್ಲ ಅನ್ಕಂಡಿದ್ದೆ," ಎಂದಳು.

ಪ್ರಸನ್ನಕುಮಾರ್‌ಗೆ ಸಿಟ್ಟು ಏರಲು ಸ್ವಲ್ಪ ಹೊತ್ತು ಹಿಡಿಯಿತು. ಏರಿದ ಮೇಲೆ ಅವನು ಕೂಗಾಡಿದ, ಪೊಲೀಸರ ಹೆಸರೆತ್ತಿದ, ಜಾತಿ ಎತ್ತಿ ಬೈದ. ಕೊನೆಗೆ ಕುದುರೆಯ ದುಡ್ಡಿಗೆಂದು ಮುಜಾಹಿದ್ ಕಡೆ ಕೈ ಚಾಚಿದ. ಮುಜಾಹಿದ್ ಅಪ್ಪನ ಮುಖ ನೋಡಿ ಆಟೋದ ಕೀಲಿಯನ್ನು ಆ ಕೈಗೆ ಹಾಕಿದ.

"ಮತ್ತೆ ನನ್ನ ಗಂಡನ ಕಾಲು?" ಎಂದಳು ಹನುಮಮ್ಮ.

"ಇವ್ರೇ ಒಪ್ಪಿದ್ರಲ್ಲಮ್ಮ. ಕಿವುಡು ಕುದುರೆ ಕೊಟ್ಟೋರು ಇವ್ರು, ಕಾಲು ಮುರಿದೋರೂ ಇವ್ರೇ. ಇವ್ರನ್ನ ಕೇಳು. ನನಗೂ ಅದಕ್ಕೂ ಸಂಬಂಧ ಇಲ್ಲ."

ಕುಡಿದಿದ್ದ ಎಂಬ ಸುಳ್ಳು ಸಾಹುಕಾರನನ್ನು ಕಾಪಾಡಿತ್ತು. ಕುಡಿದಿರಲಿಲ್ಲ ಎಂಬ ನಿಜವೂ ಅವನನ್ನೇ ಕಾಯಿತು.

ಬಸ್ಸಿಗೆ ಕಾಯುತ್ತ ರಸ್ತೆ ಬದಿಯಲ್ಲಿ ನಿಂತಾಗ ಜಂಪಣ್ಣ ಬಾಯಿಬಿಟ್ಟ. "ಕೂಲಿ ಅವಂದು, ಕೆಲ್ಸ ಅವಂದು, ಲಾಯ ಅವಂದು. ಹೆಂಗೆ ಸಂಬಂಧ ಇಲ್ಲ? ಕಾರ್ಮಿಕ ಕಚೇರೀಲಿ ಅರ್ಜಿ ಹಾಕಾಣ. ನನ್ನ ಬೆರಳು ಹೋದಾಗ ನಾನೂ ಹಾಕಿದ್ದೆ. ಸಾಕ್ಷಿ ಹೇಳಕ್ಕೆ ಒಬ್ಬ ನನ್ಮಗನೂ ಬರ್ಲಿಲ್ಲ."

"ನಾನು ಬರ್ತೀನಿ," ಎಂದ ಕರೀಂ ಸಾಬ್.

"ಅಬ್ಬಾ, ಅಲ್ಲಿ ಹೇಳಿದ್ದು ಕಾಗದಕ್ಕೆ ಹೋಗುತ್ತೆ. ಮೋಸದ ಕೇಸು ಹಾಕಿ ಒಳಗೆ ಕೂರಿಸ್ತಾನೆ ಅವ್ನು."

"ಕೂರಿಸ್ಲಿ."

ಹನುಮಮ್ಮ ಅವನನ್ನು ನೋಡಲಿಲ್ಲ. ಪ್ಯಾರಿ ಬೀಗೆ ಇನ್ನು ಊಟ ತರುವುದು ಬೇಡವೆಂದು ಅವಳು ಹೇಳಿಕಳಿಸಿದ್ದಳು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

ಚಿತ್ರದುರ್ಗದ ಕಾರ್ಮಿಕ ಕಚೇರಿಯಲ್ಲಿ ಬೆಂಚು ಉದ್ದವಿತ್ತು. ಹನುಮಮ್ಮ ಒಂದು ತುದಿಯಲ್ಲಿ, ಕರೀಂ ಸಾಬ್ ಮತ್ತು ಪ್ಯಾರಿ ಬೀ ಇನ್ನೊಂದು ತುದಿಯಲ್ಲಿ ಕೂತಿದ್ದರು. ಮುಜಾಹಿದ್ ಒಳಗೆ ಬರುವುದಿಲ್ಲ ಎಂದವನು ಬಾಗಿಲ ಹತ್ತಿರ ಬಂದು ನಿಂತಿದ್ದ. ಮೇಜಿನ ಹಿಂದಿದ್ದ ನೌಕರ ಅರ್ಜಿ ಓದಿ ತಲೆಯೆತ್ತಿದ.

"ಸಾಕ್ಷಿ ಯಾರು?"

ಕರೀಂ ಸಾಬ್ ಎದ್ದು ನಿಂತು ಟೋಪಿ ಸರಿಮಾಡಿಕೊಂಡ.

"ನೀವು ಗೊಲ್ಲಪ್ಪನಿಗೆ ಏನಾಗಬೇಕು?"

"ಏನೂ ಆಗಲ್ಲ ಸ್ವಾಮಿ. ಅವನ ಕಾಲು ಮುರಿದೋನು ನಾನು."

ನೌಕರನ ಪೆನ್ನು ನಿಂತಿತು. ಅವನು ಹನುಮಮ್ಮನ ಕಡೆ ನೋಡಿದ, ಇದನ್ನು ಏನು ಮಾಡಲಿ ಎಂಬಂತೆ. ಹನುಮಮ್ಮ ಎದ್ದು ಬಂದು ಮೇಜಿನ ಮೇಲೆ ಎರಡೂ ಕೈ ಊರಿದಳು.

"ಬರ್ಕಳ್ರಿ ಸಾರ್. ಅವ್ರು ಹೇಳಿದ್ದು ಹೇಳಿದಂಗೆ ಬರ್ಕಳ್ರಿ. ಅದರ ಕೆಳಗೆ, ಆ ಹೊತ್ತಿನಾಗೆ ನನ್ನ ಗಂಡ ಯಾರ ಕೆಲ್ಸ ಮಾಡ್ತಿದ್ದ ಅಂತ, ಆ ಹೆಸ್ರನ್ನೂ ಬರ್ಕಳ್ರಿ."